ಹೊಳೆ ದಾಟಿಸುವ ಪಾಸು

ಹರಿಹರ ನಿಲ್ದಾಣ ಬಿಟ್ಟು ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ಕೆಲವೇ ನಿಮಿಷಗಳಲ್ಲಿ ತುಂಗಭದ್ರೆಯ ಸೇತುವೆಯ ಮೇಲೆ ಬರುತ್ತದೆ. ಗಾಲಿಗಳ ಸದ್ದು ಥಟ್ಟನೆ ಬದಲಾಗುತ್ತದೆ. ದೂರದೂರಿನ ಪ್ರಯಾಣಿಕರು ಕಿಟಕಿಯತ್ತ ವಾಲಿ ಕೈಮುಗಿಯುತ್ತಾರೆ. ಕೆಲವರು ನಾಣ್ಯ ಎಸೆಯುತ್ತಾರೆ. ನಿತ್ಯ ಓಡಾಡುವವರು ತಲೆಯನ್ನೂ ಎತ್ತುವುದಿಲ್ಲ. ಬಾಗಿಲ ಬಳಿ ನಿಂತೇ ಪತ್ರಿಕೆ ಓದುವವರು, ಊಟದ ಡಬ್ಬಿಯನ್ನು ಕಾಲ ನಡುವೆ ಇಟ್ಟುಕೊಂಡವರು, ಪರೀಕ್ಷೆಯ ಟಿಪ್ಪಣಿ ತಿರುವಿ ಹಾಕುವ ವಿದ್ಯಾರ್ಥಿನಿಯರು. ಟಿಕೆಟ್ ತಪಾಸಣೆಯವರು ಬಂದರೆ ಇವರಿಂದ ಹೊರಡುವುದು ಒಂದೇ ಮಾತು: ‘ಪಾಸ್’. ದಾವಣಗೆರೆ ಕಡೆಯವರಾದರೆ ‘ಪಾಸ್ ಐತೆ ಸಾರ್’, ರಾಣೆಬೆನ್ನೂರು ಕಡೆಯವರಾದರೆ ‘ಪಾಸ್ ಐತ್ರೀ ಸರ’. ಹೊಳೆಯ ಈಚೆ-ಆಚೆಗಳ ಅಂತರ ಕಿವಿಗೆ ಬೀಳುವುದು ಅಷ್ಟರಲ್ಲಿಯೇ.

ಆದರೆ ಇದು ಒಂದು ಕಾಲದ ಗಡಿ. 1956ರ ಅಕ್ಟೋಬರ್ 31ರವರೆಗೆ ಈ ಹೊಳೆಯ ಒಂದು ದಡ ಮೈಸೂರು, ಇನ್ನೊಂದು ದಡ ಮುಂಬಯಿ. ಹರಿಹರ ಮೈಸೂರಿನ ಕೊನೆಯ ಊರು. ರಾಣೆಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ತಾಲ್ಲೂಕು. ಎರಡೂ ಕಡೆ ಒಂದೇ ಭಾಷೆ, ಒಂದೇ ಕಪ್ಪು ಮಣ್ಣು, ಅದೇ ಜೋಳ-ಹತ್ತಿ, ನೆಂಟಸ್ತಿಕೆಗಳೂ ಒಂದೇ. ಕಾನೂನು, ಕಚೇರಿ, ಕಂದಾಯ ಮಾತ್ರ ಬೇರೆ. ಗಡಿ ಅಳಿದು ಏಳು ದಶಕಗಳಾಗುತ್ತ ಬಂದವು. ನಿಜಕ್ಕೂ ಅಳಿಯಿತೇ? ಈ ಪ್ರಶ್ನೆಯನ್ನು ಇತಿಹಾಸದ ಪುಸ್ತಕಕ್ಕಿಂತ ನಿತ್ಯ ಪ್ರಯಾಣಿಕನ ಜೇಬಿನಲ್ಲಿರುವ ಆ ಸಣ್ಣ ಚೀಟಿಯಿಂದಲೇ ನೋಡುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ.

ಹೊಳೆಗೆ ಮೊದಲು ಬಂದದ್ದು ರಸ್ತೆಯ ಸೇತುವೆ. ಕಲ್ಲು-ಇಟ್ಟಿಗೆಯ ಆ ಕಮಾನು ಸೇತುವೆ ಪೂರ್ಣಗೊಂಡದ್ದು 1868ರಲ್ಲಿ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಅದರ ಮೇಲೆ ಹಾದುಹೋಗುತ್ತಿತ್ತು. ದಾವಣಗೆರೆಯಲ್ಲಿ ಇಂದಿಗೂ ಆ ದಾರಿ ‘ಪಿ.ಬಿ. ರಸ್ತೆ’ಯೇ, ಅಕ್ಷರಗಳ ವಿಸ್ತರಣೆ ಕೇಳಿದರೆ ಎಷ್ಟೋ ಮಂದಿಗೆ ಹೊಳೆಯದು. ಬಳಿಕ ರೈಲು. 1876-78ರ ಭೀಕರ ಕ್ಷಾಮ ಎರಡೂ ದಡದ ಆಡಳಿತಗಾರರಿಗೆ ಒಂದೇ ಪಾಠ ಕಲಿಸಿತ್ತು: ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಬೇಗ ಸಾಗಿಸಲಾಗದಿದ್ದರೆ ಜನ ಸಾಯುತ್ತಾರೆ. ಮುಂಬಯಿ ಕಡೆಯಿಂದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹಳಿ ಬಂದಿತು. ಮೈಸೂರು ಸಂಸ್ಥಾನದ ಹಳಿ ಬೆಂಗಳೂರಿನಿಂದ ತಿಪಟೂರು, ಅರಸೀಕೆರೆ, ದಾವಣಗೆರೆಗಳ ಮೇಲೆ ಸಾಗಿ 1889ರಲ್ಲಿ ಹರಿಹರ ತಲುಪಿತು. ಎರಡೂ ಮೀಟರ್ ಗೇಜ್. ಇದು ಸಣ್ಣ ಸಂಗತಿಯಲ್ಲ. ಹಳಿಗಳ ಅಗಲ ಬೇರೆಯಾಗಿದ್ದಲ್ಲೆಲ್ಲ ಜನ ಮೂಟೆ ಹೊತ್ತು ರೈಲು ಬದಲಿಸಬೇಕಿತ್ತು. ಹರಿಹರದಲ್ಲಿ ಆ ಕಷ್ಟವಿರಲಿಲ್ಲ. ರಾಜ್ಯ ಬದಲಾಗುತ್ತಿತ್ತು, ಬೋಗಿ ಬದಲಾಗುತ್ತಿರಲಿಲ್ಲ.

ಬೆಂಗಳೂರು-ಹರಿಹರ ಮಾರ್ಗದ ನಿರ್ವಹಣೆಯನ್ನು ಸಂಸ್ಥಾನವು ಬಹುಕಾಲ ಕಂಪನಿಗೇ ಒಪ್ಪಿಸಿತ್ತು. 1938ರಲ್ಲಿ ತಾನೇ ವಹಿಸಿಕೊಂಡಿತು. ಆಮೇಲೆ ಹರಿಹರವು ಎರಡು ರೈಲ್ವೆ ಆಡಳಿತಗಳು ಸಂಧಿಸುವ ಊರಾಯಿತು. 1951ರ ಏಪ್ರಿಲ್‌ನಲ್ಲಿ ಮೈಸೂರು ಸ್ಟೇಟ್ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆಗಳು ಸೇರಿ ದಕ್ಷಿಣ ರೈಲ್ವೆಯಾದವು. ಅಂದರೆ ಇಲ್ಲಿ ರೈಲಿನ ಗಡಿ ಅಳಿದದ್ದು ರಾಜ್ಯದ ಗಡಿ ಅಳಿಯುವುದಕ್ಕೆ ಐದು ವರ್ಷ ಮೊದಲು. ಏಕೀಕರಣದ ಕಥೆ ಹೇಳುವಾಗ ನಾವು ಸಾಹಿತಿಗಳನ್ನು, ರಾಜಕಾರಣಿಗಳನ್ನು ನೆನೆಯುತ್ತೇವೆ, ನೆನೆಯಲೇಬೇಕು. ಹರಿಹರದ ಪ್ಲಾಟ್‌ಫಾರಂ ಕೂಡ ಆ ಕಥೆಯಲ್ಲಿ ಒಂದು ಸಾಲಿಗೆ ಅರ್ಹ.

ಇನ್ನು ಅಳಿಯದೆ ಉಳಿದ ಗಡಿಯ ಮಾತು. ರಾಣೆಬೆನ್ನೂರಿನ ರೈತ ಹೈಕೋರ್ಟಿಗೆ ಹೋಗಬೇಕೆಂದರೆ ಅವನ ದಾರಿ ಧಾರವಾಡ ಪೀಠಕ್ಕೆ, ಹರಿಹರದವನದು ಬೆಂಗಳೂರಿಗೆ. ಆಚೆ ದಡಕ್ಕೆ ವಿದ್ಯುತ್ ಕೊಡುವುದು ಹೆಸ್ಕಾಂ, ಈಚೆ ದಡಕ್ಕೆ ಬೆಸ್ಕಾಂ. ಆಚೆಯದು ಬೆಳಗಾವಿ ಕಂದಾಯ ವಿಭಾಗ, ಈಚೆಯದು ಬೆಂಗಳೂರು ವಿಭಾಗ. 1997ರಲ್ಲಿ ಸಾರಿಗೆ ಸಂಸ್ಥೆಯನ್ನು ಒಡೆದು ವಾಯವ್ಯ ನಿಗಮವನ್ನು ಮಾಡಿದಾಗಲೂ ಗೆರೆ ಬಿದ್ದದ್ದು ಇದೇ ಹೊಳೆಯ ಗುಂಟ: ದಾವಣಗೆರೆ ಕೆ.ಎಸ್.ಆರ್.ಟಿ.ಸಿ.ಗೆ, ಹಾವೇರಿ ಜಿಲ್ಲೆ ವಾಯವ್ಯಕ್ಕೆ. ಯಾರೂ ಹಳೆಯ ಮೈಸೂರು-ಮುಂಬಯಿ ನಕ್ಷೆ ಬಿಡಿಸಿಕೊಂಡು ಕುಳಿತು ಹೀಗೆ ಮಾಡಿದರೆಂದಲ್ಲ. ಕಚೇರಿಗಳಿಗೂ ನೆನಪಿನ ಶಕ್ತಿ ಇರುತ್ತದೆ; ಒಮ್ಮೆ ಬಿದ್ದ ಗೆರೆಯ ಮೇಲೆಯೇ ಮುಂದಿನ ಗೆರೆಗಳೂ ಬೀಳುತ್ತವೆ. ಈ ಎಲ್ಲದರ ನಡುವೆ ಹೊಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕಾಗದವೊಂದಿದ್ದರೆ ಅದು ರೈಲ್ವೆಯ ಸೀಸನ್ ಟಿಕೆಟ್.

ಅದರ ಲೆಕ್ಕಾಚಾರ ಸರಳ. ಎರಡನೇ ದರ್ಜೆಯ ಮಾಸಿಕ ಪಾಸಿನ ದರ ಸುಮಾರು 15 ಒಂಟಿ ಪ್ರಯಾಣಗಳ ದರಕ್ಕೆ ಸಮ. ತಿಂಗಳಿಗೆ 25 ದಿನ ಹೋಗಿ ಬರುವವನು 50 ಪ್ರಯಾಣ ಮಾಡುತ್ತಾನೆ; 35 ಪ್ರಯಾಣ ಅವನಿಗೆ ಉಳಿತಾಯ. ಮೂರು ತಿಂಗಳ ಪಾಸಿಗೆ ಮಾಸಿಕ ದರದ 2.7 ಪಟ್ಟು. ದೂರದ ಮಿತಿ 150 ಕಿ.ಮೀ. ದಾವಣಗೆರೆಯಿಂದ ಹರಿಹರಕ್ಕೆ ರೈಲಿನಲ್ಲಿ ಸುಮಾರು 14 ಕಿ.ಮೀ., ರಾಣೆಬೆನ್ನೂರಿಗೆ ಅದರ ಎರಡೂವರೆ ಪಟ್ಟು, ಹುಬ್ಬಳ್ಳಿಗೆ ಸುಮಾರು 140. ಹಾಗಾಗಿ ಹಳೆಯ ಮೈಸೂರಿನ ಈ ತುದಿಯ ಊರಿನಿಂದ ಹಳೆಯ ಮುಂಬಯಿ ಕರ್ನಾಟಕದ ದೊಡ್ಡ ನಗರದವರೆಗೆ ಒಂದೇ ಪಾಸು ನಡೆಯುತ್ತದೆ. ಬೆಂಗಳೂರು ಮಾತ್ರ ಮಿತಿಯಾಚೆ. ರಾಜಧಾನಿಗೆ ಸಿಗದ ಸಲುಗೆ ಹುಬ್ಬಳ್ಳಿಗೆ ಸಿಕ್ಕಿರುವುದು ಆಕಸ್ಮಿಕವಾದರೂ ಸಂತೋಷದ ಸಂಗತಿಯೇ.

ಈ ಅಗ್ಗದ ಚೀಟಿಯ ಮೇಲೆ ಸರ್ಕಾರಗಳ ಕಣ್ಣು ಆಗಾಗ ಬಿದ್ದಿದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. 2008ರ ರೈಲ್ವೆ ಬಜೆಟ್‌ನಲ್ಲಿ ಲಾಲು ಪ್ರಸಾದ್ ಅವರು ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೂ ಹನ್ನೆರಡನೇ ತರಗತಿಯವರೆಗಿನ ಗಂಡುಮಕ್ಕಳಿಗೂ ಮನೆಯಿಂದ ಶಾಲೆ-ಕಾಲೇಜಿಗೆ ಉಚಿತ ಮಾಸಿಕ ಪಾಸು ಪ್ರಕಟಿಸಿದರು. ಮರುವರ್ಷ ಮಮತಾ ಬ್ಯಾನರ್ಜಿ ಅವರು ‘ಇಜ್ಜತ್’ ಪಾಸು ತಂದರು: ತಿಂಗಳ ಆದಾಯ 1,500 ರೂಪಾಯಿ ಮೀರದವರಿಗೆ 100 ಕಿ.ಮೀ.ವರೆಗೆ 25 ರೂಪಾಯಿ. 2014ರ ಜೂನ್‌ನಲ್ಲಿ ಗಾಳಿ ತಿರುಗಿತು. ಪಾಸಿನ ದರವನ್ನು 15ರ ಬದಲು 30 ಪ್ರಯಾಣಗಳ ಲೆಕ್ಕದಲ್ಲಿ ನಿಗದಿ ಮಾಡುವ ಆದೇಶ ಬಂತು. ಮುಂಬೈನ ಉಪನಗರ ಪ್ರಯಾಣಿಕರು ಸಿಡಿದೆದ್ದರು; ಕೆಲವೇ ದಿನಗಳಲ್ಲಿ ಆದೇಶ ಹಿಂದೆ ಹೋಯಿತು. ಅಂದು ಮುಂಬೈ ಕೂಗದೇ ಇದ್ದಿದ್ದರೆ ಹರಿಹರದ ಕೂಗು ದೆಹಲಿಗೆ ಕೇಳಿಸುತ್ತಿತ್ತೇ? ನನಗೆ ಅನುಮಾನವಿದೆ.

ನಮ್ಮ ಮನೆಗೆ ಈ ಪಾಸು ಬಂದದ್ದು ನಾನು ಹುಟ್ಟುವ ಮೊದಲೇ. ನಮ್ಮ ತಂದೆ ದಾವಣಗೆರೆಯಿಂದ ಹರಿಹರದ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಹೋಗಿಬರುತ್ತಿದ್ದರು. ಆಗ ಜನ ಹರಿಯುತ್ತಿದ್ದ ದಿಕ್ಕೇ ಬೇರೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು, ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದೂ ಇತ್ತು. ಆದರೂ ಯಂತ್ರಗಳ ಕೆಲಸ ಕಲಿತವರಿಗೆ ಹರಿಹರವೇ ಸೆಳೆತ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ತಯಾರಾದ ಲೇತ್‌ಗಳು ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ಹೊಳೆಯಾಚೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ತಲೆಯೆತ್ತಿತು. ಅದರ ಹೆಸರು ಹರಿಹರ ಪಾಲಿಫೈಬರ್ಸ್, ನೆಲ ಮಾತ್ರ ಆಗಿನ ಧಾರವಾಡ ಜಿಲ್ಲೆಯದು. ಹೆಸರು ಒಂದು ದಡದಲ್ಲಿ, ಚಿಮಣಿ ಇನ್ನೊಂದು ದಡದಲ್ಲಿ. ಹರಿ-ಹರರನ್ನು ಒಂದೇ ವಿಗ್ರಹದಲ್ಲಿ ಕಂಡ ಊರಿಗೆ ಇದೇನೂ ವಿಚಿತ್ರವಲ್ಲ ಎಂದು ಅಲ್ಲಿನವರು ನಗುವುದುಂಟು.

ಕಾಲ ತಿರುಗಿತು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಹೊಸ್ತಿಲಲ್ಲಿ ಹರಿಹರದ ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು. ಆದರೆ ದಾವಣಗೆರೆ ತನ್ನ ಎರಡನೇ ಬದುಕನ್ನು ಕಾಲೇಜುಗಳಲ್ಲಿ, ಆಸ್ಪತ್ರೆಗಳಲ್ಲಿ ಕಂಡುಕೊಂಡಿತು. ವೈದ್ಯಕೀಯ ಕಾಲೇಜು 1965ರಲ್ಲಿ, ಎಂಜಿನಿಯರಿಂಗ್ ಕಾಲೇಜು 1951ರಲ್ಲಿ ಬಂದಿದ್ದವು. 1997ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು, 2009ರಲ್ಲಿ ವಿಶ್ವವಿದ್ಯಾಲಯವೂ ದೊರೆಯಿತು. ಈಗ ಬೆಳಗಿನ ರೈಲು ತುಂಬುವುದು ಎದುರು ದಿಕ್ಕಿನಲ್ಲಿ: ರಾಣೆಬೆನ್ನೂರು, ಚಳಗೇರಿ, ಹರಿಹರಗಳಿಂದ ದಾವಣಗೆರೆಗೆ. ನಮ್ಮ ತಂದೆಯ ಪಾಸಿನಲ್ಲಿದ್ದ ಎರಡು ಊರುಗಳೇ ಇಂದಿನ ಹುಡುಗಿಯ ಪಾಸಿನಲ್ಲೂ ಇವೆ, ಅದಲುಬದಲಾಗಿ. ಕಾರ್ಖಾನೆಯ ಸೈರನ್ನು ನಿಂತರೂ ಪಾಸು ನಿಲ್ಲಲಿಲ್ಲ. ಬಾಡಿಗೆ ಕೊಟ್ಟು ದಾವಣಗೆರೆಯಲ್ಲಿ ಇರಲಾಗದ ಮನೆಯ ಮಗಳು ಓದು ಮುಂದುವರಿಸುವುದಕ್ಕೂ ಬಿಡುವುದಕ್ಕೂ ನಡುವೆ ಎಷ್ಟೋ ಸಲ ಇರುವುದು ಅದೊಂದೇ.

ಅದು ನಿಂತದ್ದು ಒಮ್ಮೆ. 2020ರ ಮಾರ್ಚ್ 22ರ ಮಧ್ಯರಾತ್ರಿ ದೇಶದಾದ್ಯಂತ ಪ್ರಯಾಣಿಕರ ರೈಲುಗಳು ನಿಂತವು. ಅದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ದೂರಬೇಕಾದ್ದು ಆಮೇಲಿನದನ್ನು. ರೈಲುಗಳು ಮರಳಿ ಬಂದಾಗ ‘ವಿಶೇಷ’ ರೈಲುಗಳಾಗಿ, ಕಾಯ್ದಿರಿಸಿದವರಿಗೆ ಮಾತ್ರ ಎಂದು ಬಂದವು. ಪಾಸುಗಳು ಮತ್ತೆ ಚಾಲ್ತಿಗೆ ಬಂದದ್ದು 2021ರಲ್ಲಿ, ಅದೂ ಹಂತ ಹಂತವಾಗಿ. ಪ್ಯಾಸೆಂಜರ್ ಎಂಬ ಹಳೆಯ ಗಾಡಿಗಳಲ್ಲಿ ಅನೇಕವು ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಬಂದವು. ವೇಗ ಅದೇ, ಕನಿಷ್ಠ ದರ ಮಾತ್ರ 10 ರೂಪಾಯಿಯಿಂದ 30ಕ್ಕೆ ಏರಿತ್ತು. 2024ರ ಫೆಬ್ರುವರಿಯಲ್ಲಿ ಅದನ್ನು ಮತ್ತೆ 10ಕ್ಕೆ ಇಳಿಸಲಾಯಿತು. ನಾಲ್ಕು ವರ್ಷ ಹತ್ತಿರದೂರಿನ ಬಡ ಪ್ರಯಾಣಿಕ ತೆತ್ತದ್ದು ಯಾವ ಸೌಲಭ್ಯಕ್ಕೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಇತ್ತ ಹಳಿಯ ಮೇಲೆ ವೈಭವಕ್ಕೆ ಕೊರತೆಯಿಲ್ಲ. ಮೀಟರ್ ಗೇಜ್ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಹಳಿ ಜೋಡಿಯಾಯಿತು, ವಿದ್ಯುತ್ ತಂತಿ ಬಂತು. 2023ರ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ ಆರಂಭವಾದಾಗ ದಾವಣಗೆರೆಯಲ್ಲಿ ಅದಕ್ಕೆ ನಿಲುಗಡೆ ಸಿಕ್ಕಿತು. ಹರಿಹರವನ್ನು ಅದು ನಿಲ್ಲದೆ ದಾಟಿತು. ನಿಂತಿದ್ದರೂ ಪಾಸಿನವರಿಗೆ ಅದರಲ್ಲಿ ಪ್ರವೇಶವಿಲ್ಲ. ಎಲ್ಲ ಆಸನ ಕಾಯ್ದಿರಿಸಿದ ಜನಶತಾಬ್ದಿಯಲ್ಲೂ ಇಲ್ಲ. ಸೂಪರ್‌ಫಾಸ್ಟ್ ಗಾಡಿ ಹತ್ತಬೇಕಾದರೆ ಹೆಚ್ಚುವರಿ ಶುಲ್ಕ. ದೂರದ ಎಕ್ಸ್‌ಪ್ರೆಸ್‌ಗಳ ಸಾಮಾನ್ಯ ಬೋಗಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಸ ರೈಲು ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಹಳಿಯ ಸಾಮರ್ಥ್ಯ ಹೆಚ್ಚಿದಾಗ ಅದರ ಮೊದಲ ಪಾಲು ಬೆಂಗಳೂರಿಗೆ ಹೋಗುವವನಿಗೇ ಸಿಗಬೇಕೆ? 14 ಕಿ.ಮೀ. ದೂರಕ್ಕೆ ನಿತ್ಯ ಹೋಗುವ ನೂರಾರು ಮಂದಿಗೆ ಬೆಳಿಗ್ಗೆ ಎರಡು, ಸಂಜೆ ಎರಡು ಮೆಮು ಗಾಡಿಗಳನ್ನು ನೆಚ್ಚಿಕೊಳ್ಳಬಹುದಾದ ವೇಳೆಗೆ ಕೊಡುವುದು ಅಷ್ಟು ಕಷ್ಟವೆ?

ರಾಜ್ಯದ ಗಡಿಯನ್ನೇ ನಿತ್ಯ ದಾಟುವವರ ಪಾಡು ಹೇಗಿರುತ್ತದೆಂದು ತಿಳಿಯಲು ಕಾಸರಗೋಡಿನತ್ತ ನೋಡಬೇಕು. ತುಂಗಭದ್ರೆಯ ಗಡಿ ಅಳಿದ 1956ರ ನವೆಂಬರ್ 1ರಂದೇ ಅಲ್ಲಿ ಗಡಿಯೊಂದು ಮೂಡಿತು. ಅಲ್ಲಿಯೂ ಒಂದು ಹೊಳೆಯ ಮಾತಿದೆ: ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಅದು ಆಗಲಿಲ್ಲ. ಆದರೂ ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಜನರಿಗೆ ಕಾಲೇಜು, ಆಸ್ಪತ್ರೆ, ಅಂಗಡಿಕೆಲಸ ಎಲ್ಲಕ್ಕೂ ಮಂಗಳೂರೇ. ಬೆಳಗಿನ ರೈಲಿನಲ್ಲಿ ಅವರ ಕೈಯಲ್ಲೂ ಇದೇ ಪಾಸು, ಇದೇ ನಿಯಮ. ರೈಲ್ವೆ ಕೇಂದ್ರದ್ದಾದ್ದರಿಂದ ತಲಪಾಡಿಯ ಗಡಿ ಅದರ ಮೇಲೆ ನಮೂದಾಗುವುದೇ ಇಲ್ಲ. 2020ರಲ್ಲಿ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ, ರೋಗಿಗಳ ಪ್ರಶ್ನೆ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದಾಗ, ಅಷ್ಟು ವರ್ಷ ತಾವು ದಾಟುತ್ತಿದ್ದುದು ಗಡಿ ಎಂಬುದು ಎಷ್ಟೋ ಜನರಿಗೆ ಮೊದಲ ಸಲ ಮೈಮೇಲೆ ಬಂದಂತೆ ಅರಿವಾಯಿತು. ರೈಲು ಓಡುತ್ತಿದ್ದಷ್ಟು ಕಾಲ ಗಡಿ ನಕ್ಷೆಯಲ್ಲಿತ್ತು. ರೈಲು ನಿಂತಾಗ ನೆಲಕ್ಕಿಳಿಯಿತು.

ಗಡಿ ದಾಟುವ ರೈಲು ಪಾಸು ಎಂದೊಡನೆ ವಿದ್ಯಾವಂತರ ನೆನಪಿಗೆ ಬರುವುದು ಯುರೋಪ್. 1959ರಿಂದ ಯುರೇಲ್, 1972ರಿಂದ ಇಂಟರ್‌ರೇಲ್: ಒಂದು ಪಾಸು ಹಿಡಿದು ದೇಶದೇಶ ಸುತ್ತಿದ ಮಕ್ಕಳ ಚಿತ್ರಗಳು ಈಗ ನಮ್ಮ ದಾವಣಗೆರೆಯ ಮನೆಗಳಲ್ಲೂ ಇವೆ. ನಮ್ಮಲ್ಲೂ ವಿದೇಶಿ ಪ್ರವಾಸಿಗರಿಗೆ, ಅನಿವಾಸಿ ಭಾರತೀಯರಿಗೆ ಇಂಡ್‌ರೇಲ್ ಪಾಸು ಇತ್ತು. 2017ರಲ್ಲಿ ಅದನ್ನು ನಿಲ್ಲಿಸಲಾಯಿತು. ಇವೆಲ್ಲ ಪ್ರವಾಸಿಯ ಪಾಸುಗಳು. ನಮಗೆ ಪಾಠವಾಗಬಹುದಾದದ್ದು ಜರ್ಮನಿ 2023ರ ಮೇ ತಿಂಗಳಲ್ಲಿ ತಂದ ತಿಂಗಳ ಟಿಕೆಟ್. ಆರಂಭದಲ್ಲಿ 49 ಯುರೋ. 2025ರಲ್ಲಿ 58 ಆಯಿತು. ವೇಗದ ದೂರರೈಲುಗಳು ಅದಕ್ಕೆ ನಿಷಿದ್ಧ. ಆದರೆ ದೇಶದ ಎಲ್ಲ ಸ್ಥಳೀಯ ರೈಲು, ಮೆಟ್ರೊ, ಟ್ರಾಮ್, ಬಸ್ಸುಗಳಿಗೆ ಆ ಒಂದೇ ಟಿಕೆಟ್. ಗಡಿಯಾಚೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ಅದು ನಡೆಯುತ್ತದೆ. ನೂರಾರು ಸಾರಿಗೆ ಸಂಸ್ಥೆಗಳು ಹಣ ಹಂಚಿಕೊಳ್ಳುವುದರಲ್ಲಿ ಇಂದಿಗೂ ಜಗಳವಾಡುತ್ತಿವೆ. ಜಗಳ ಅವುಗಳ ನಡುವೆ ನಡೆಯುತ್ತಿದೆ, ಪ್ರಯಾಣಿಕನ ಜೇಬಿನಲ್ಲಿ ಅಲ್ಲ.

ನಮ್ಮ ಸೀಸನ್ ಟಿಕೆಟ್‌ನ ದೊಡ್ಡ ಕೊರತೆ ಇಲ್ಲಿದೆ. ಅದು ಹೊಳೆ ದಾಟಿಸುತ್ತದೆ, ಆದರೆ ಹಳಿ ಬಿಟ್ಟು ಇಳಿಯುವುದಿಲ್ಲ. ರಾಣೆಬೆನ್ನೂರು, ಹರಿಹರ, ದಾವಣಗೆರೆ ಇಂದು ಮೂರು ಊರುಗಳಾಗಿ ಉಳಿದಿಲ್ಲ. ಬೆಳಿಗ್ಗೆ ಒಂದರಲ್ಲಿ ಎದ್ದು, ಮಧ್ಯಾಹ್ನ ಇನ್ನೊಂದರಲ್ಲಿ ಉಂಡು, ಮೂರನೆಯದರಲ್ಲಿ ಮದುವೆ ಮುಗಿಸಿ ಮನೆಗೆ ಮರಳುವವರ ಒಂದೇ ಸೀಮೆ. ಈ ಸೀಮೆಗೆ ಒಂದು ಪಾಸು ಬೇಕು: ರೈಲಿನಲ್ಲೂ ನಡೆಯಬೇಕು, ಎರಡೂ ನಿಗಮಗಳ ಸಾಮಾನ್ಯ ಬಸ್ಸಿನಲ್ಲೂ ನಡೆಯಬೇಕು.

ಆಗದು ಎನ್ನುವವರ ಮೊದಲ ವಾದ ಹಣ ಹಂಚಿಕೆಯದು. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಣುಮಕ್ಕಳು ನಿಗಮ ಯಾವುದೆಂದು ನೋಡದೆ ಬಸ್ ಹತ್ತುತ್ತಿದ್ದಾರೆ. ನಿರ್ವಾಹಕ ಶೂನ್ಯ ಟಿಕೆಟ್ ಕೊಡುತ್ತಾನೆ, ಯಾವ ನಿಗಮಕ್ಕೆ ಎಷ್ಟು ಸಲ್ಲಬೇಕೆಂಬ ಲೆಕ್ಕ ಆ ಟಿಕೆಟ್ಟಿನಿಂದಲೇ ಸಿಗುತ್ತದೆ. ಯೋಜನೆಯ ಖರ್ಚಿನ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಎಣಿಸುವುದು ಸಾಧ್ಯವೆಂದು ಅದು ತೋರಿಸಿಕೊಟ್ಟಿದೆ. ದೇಶಕ್ಕೆಲ್ಲ ಒಂದೇ ಸಂಚಾರ ಕಾರ್ಡ್ ಎಂದು 2019ರಲ್ಲಿ ಆರಂಭವಾದ ವ್ಯವಸ್ಥೆ ಬೆಂಗಳೂರಿನ ಮೆಟ್ರೊವರೆಗೆ ಬಂದಿದೆ. ದಾವಣಗೆರೆಗೆ ಬರಲು ಇನ್ನೂ 300 ಕಿ.ಮೀ. ಉಳಿದಿದೆ.

ಎರಡನೆಯ ವಾದ ನಷ್ಟದ್ದು, ಮತ್ತು ಅದು ಹಗುರವಾದದ್ದಲ್ಲ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57 ಮಾತ್ರ ವಸೂಲಾಗುತ್ತಿದೆ ಎಂದು ರೈಲ್ವೆಯು 2016ರಿಂದ ಟಿಕೆಟ್‌ಗಳ ಮೇಲೆಯೇ ಮುದ್ರಿಸತೊಡಗಿತು. ಪಾಸಿನವನಿಂದ ಇನ್ನೂ ಕಡಿಮೆ ಬರುತ್ತದೆ ಎಂಬುದೂ ನಿಜ. ಉಳಿದದ್ದನ್ನು ಸರಕು ಸಾಗಣೆ ಹೊರುತ್ತದೆ. ಹಾಗಾದರೆ ದರ ಸ್ವಲ್ಪ ಏರಲಿ. ನಿತ್ಯ ಪ್ರಯಾಣಿಕ ಅದಕ್ಕೆ ಸಿದ್ಧನಿದ್ದಾನೆ ಎಂದೇ ನನ್ನ ಅಂದಾಜು. ವೇಳೆಗೆ ಬರುವ ಗಾಡಿಗೆ, ರೈಲು ತಪ್ಪಿದರೆ ಬಸ್ಸಿಗೂ ನಡೆಯುವ ಪಾಸಿಗೆ ಅವನು ಈಗಿನ ಒಂದೂವರೆ ಪಟ್ಟು ಕೊಟ್ಟರೂ ಉಳಿತಾಯವೇ. ಈಗ ಅವನು ತೆರುತ್ತಿರುವುದು ರೈಲಿಗೂ ಬಸ್ಸಿಗೂ ಬೇರೆ ಬೇರೆ.

ಹರಿಹರ ನಿಲ್ದಾಣದಲ್ಲಿ ಯಾವುದೇ ಬೆಳಿಗ್ಗೆ ನಿಂತರೆ ಇದು ಕಣ್ಣಿಗೆ ಬೀಳುತ್ತದೆ. ಗಾಡಿ ತಡವೆಂದು ಧ್ವನಿವರ್ಧಕ ಮೂರು ಭಾಷೆಗಳಲ್ಲಿ ವಿಷಾದಿಸುತ್ತದೆ. ಒಂದಿಷ್ಟು ಹೊತ್ತು ಜನ ಗಡಿಯಾರ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಒಬ್ಬೊಬ್ಬರೇ ಎದ್ದು ಪಿ.ಬಿ. ರಸ್ತೆಯತ್ತ ಅವಸರದಿಂದ ಹೊರಡುತ್ತಾರೆ. ದಾವಣಗೆರೆಯ ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಂತು ಟಿಕೆಟ್ಟಿಗೆ ಹಣ ತೆಗೆಯುವಾಗ, ಆ ನೋಟಿನ ಜೊತೆಗೇ ಮಡಿಸಿಟ್ಟ ರೈಲು ಪಾಸೂ ಹೊರಬರುತ್ತದೆ. ಅದನ್ನು ಮತ್ತೆ ಒಳಗೆ ಸೇರಿಸಿ, ಚಿಲ್ಲರೆಗೆ ಕೈ ಚಾಚುತ್ತಾರೆ.